ತಯಾರಿಕೆ ನಿಂತ ಮಡಿಸುವ ಚಾಕು: ಅಲಗು ಯಾವ ಉಕ್ಕಿನದೆಂದು ಪತ್ತೆ ಹಚ್ಚುವ ಕ್ರಮ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಹಳೇ ತೋಟದ ಮನೆಗಳ ಬೀರುಗಳಲ್ಲಿ ಮಡಿಸುವ ಚಾಕುಗಳು ಸಿಗುವುದುಂಟು. ಒಂದು ಇಂಗ್ಲೆಂಡಿನ ಶೆಫೀಲ್ಡಿನದು, ಇನ್ನೊಂದು ಜರ್ಮನಿಯ ಸೋಲಿಂಗನ್‌ನದು, ಮತ್ತೊಂದು ಅಮೆರಿಕದಿಂದ ಬಂದ ನೆಂಟರು ತಂದುಕೊಟ್ಟ ಬಕ್ ಅಥವಾ ಕೇಸ್ ಕಂಪನಿಯದು. ಆ ಮಾಡೆಲ್ ನಿಂತು ಎಷ್ಟೋ ವರ್ಷವಾಗಿರುತ್ತದೆ, ಕೆಲವು ಸಲ ಕಂಪನಿಯೇ ಮುಚ್ಚಿರುತ್ತದೆ. ಆದರೂ ಅಲಗಿನ ಉಕ್ಕು ಯಾವುದೆಂದು ತಿಳಿದುಕೊಳ್ಳಲೇಬೇಕು. ಯಾವ ಕಲ್ಲಿನಲ್ಲಿ ಸಾಣೆ ಹಿಡಿಯಬೇಕು, ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಯಲ್ಲಿ ಹೇಗೆ ಕಾಪಾಡಬೇಕು, ಮಾರುವಾಗ ಏನೆಂದು ಹೇಳಬೇಕು, ಎಲ್ಲವೂ ಅದರ ಮೇಲೆ ನಿಂತಿದೆ.

ಒಂದು ಮಾತನ್ನು ಮೊದಲೇ ಖಚಿತವಾಗಿ ಹೇಳಿಬಿಡಬೇಕು. ಮನೆಯಲ್ಲಿ ಮಾಡುವ ಯಾವ ಪರೀಕ್ಷೆಯೂ ಉಕ್ಕಿನ ಹೆಸರನ್ನು ಹೇಳುವುದಿಲ್ಲ. ಅದು ಕಾರ್ಬನ್ ಉಕ್ಕೋ ಸ್ಟೇನ್‌ಲೆಸ್ಸೋ, ಗಟ್ಟಿಯೋ ಮೆದುವೋ ಎಂಬಷ್ಟನ್ನು ಮಾತ್ರ ಹೇಳುತ್ತದೆ. ಹೆಸರು ಸಿಗುವುದು ಅಲಗಿನ ಮೇಲಿನ ಮುದ್ರೆಯಿಂದ ಮತ್ತು ಚಾಕು ತಯಾರಾದ ಇಸವಿಯಿಂದ. ಆದ್ದರಿಂದ ಮೊದಲು ಓದಿ, ಆಮೇಲೆ ಇಸವಿ ಕಟ್ಟಿ, ಕೊನೆಗೆ ಪರೀಕ್ಷೆ ಮಾಡಿ. ಬಹಳ ಜನ ಇದನ್ನು ತಿರುಗುಮುರುಗು ಮಾಡಿ ಒಳ್ಳೆಯ ಅಲಗುಗಳನ್ನು ಹಾಳು ಮಾಡಿದ್ದಾರೆ.

ಮುದ್ರೆ ಓದುವುದು

ಅಲಗು ಹಿಡಿಗೆ ಸೇರುವ ಕಡೆ ಹರಿತವಿಲ್ಲದ ಚಪ್ಪಟೆ ಜಾಗ ಒಂದಿರುತ್ತದೆ. ಅದೇ ಅಲಗಿನ ಬುಡ. ಹೆಸರು, ಊರು, ಮಾಡೆಲ್ ನಂಬರು ಎಲ್ಲ ಕೊರೆದಿರುವುದು ಅಲ್ಲೇ. ಎರಡೂ ಬದಿ ನೋಡಿ. ಒಂದಕ್ಕಿಂತ ಹೆಚ್ಚು ಅಲಗಿದ್ದರೆ ಪ್ರತಿಯೊಂದನ್ನೂ ತೆರೆದು ನೋಡಿ. ಕಂಪನಿಯ ಹೆಸರು ದೊಡ್ಡ ಅಲಗಿನ ಮುಂಭಾಗದಲ್ಲಿದ್ದು, ನಂಬರು ಹಿಂಭಾಗದಲ್ಲೋ ಚಿಕ್ಕ ಅಲಗಿನಲ್ಲೋ ಇರುವುದು ಸಾಮಾನ್ಯ.

ಕೀಲಿನ ಸುತ್ತ ಹಳೇ ಎಣ್ಣೆ ಗಟ್ಟಿಯಾಗಿ ಕೂತಿದ್ದರೆ ಒಂದೆರಡು ಹನಿ ಸೀಮೆಎಣ್ಣೆ ಅಥವಾ ಡಬ್ಲ್ಯುಡಿ-40 ಬಿಟ್ಟು ಅರ್ಧ ಗಂಟೆ ಬಿಡಿ, ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಬುಡಕ್ಕೆ ಉಪ್ಪುಕಾಗದ ಮುಟ್ಟಿಸಬೇಡಿ. ತುಕ್ಕಿನ ಜೊತೆಗೆ ಅಕ್ಷರದ ಅಂಚೂ ಸವೆದು ಹೋದರೆ ಅದನ್ನು ಮರಳಿ ತರಲಾಗದು, ಸಂಗ್ರಾಹಕರ ಲೆಕ್ಕದಲ್ಲಿ ಚಾಕುವಿನ ಬೆಲೆಯೂ ಅಲ್ಲಿಗೇ ಬಿತ್ತು. ಅಕ್ಷರ ಮಸುಕಾಗಿದ್ದರೆ ಬುಡವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ನಯವಾದ ವಿಭೂತಿಯನ್ನು ಸವರಿ, ಮೇಲ್ಮೈಯನ್ನು ಬೆರಳಿನಿಂದ ಒರೆಸಿಬಿಡಿ. ಕೊರೆದ ಗೆರೆಗಳಲ್ಲಿ ಬಿಳಿ ಉಳಿದು ಅಕ್ಷರ ಎದ್ದು ಕಾಣುತ್ತದೆ. ಎಣ್ಣೆ ಪಸೆ ಇದ್ದರೆ ವಿಭೂತಿ ಅಂಟಾಗಿ ಕೂರುತ್ತದೆ, ಏನೂ ಕಾಣದು. ಟಾರ್ಚನ್ನು ಅಲಗಿಗೆ ಸಮಾನಾಂತರವಾಗಿ, ಓರೆಯಾಗಿ ಹಿಡಿದು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದರೆ ಬರಿಗಣ್ಣಿಗೆ ಕಾಣದ ಅಕ್ಷರವೂ ಸಿಗುತ್ತದೆ. ಕೆಲಸ ಮುಗಿದ ಮೇಲೆ ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ, ಬೂದಿ ತೇವ ಹಿಡಿದುಕೊಳ್ಳುತ್ತದೆ.

ಈಗ ಓದಿದ್ದರ ಅರ್ಥ ಬಿಡಿಸುವುದು. ‘ಸ್ಟೇನ್‌ಲೆಸ್’, ‘ರೋಸ್ಟ್‌ಫ್ರೈ’, ‘ಇನಾಕ್ಸ್’ ಮೂರೂ ಒಂದೇ ಸಂಗತಿ: ಉಕ್ಕಿನಲ್ಲಿ ಕ್ರೋಮಿಯಂ ಸಾಕಷ್ಟಿದೆ, ಸುಲಭಕ್ಕೆ ತುಕ್ಕು ಹಿಡಿಯದು. ಯಾವ ದರ್ಜೆ ಎಂಬುದನ್ನು ಇವು ಹೇಳುವುದಿಲ್ಲ. ‘ಸರ್ಜಿಕಲ್ ಸ್ಟೀಲ್’ ಎಂಬುದು ದರ್ಜೆಯೇ ಅಲ್ಲ, ಜಾಹೀರಾತಿನ ಮಾತು. ಬರೀ ‘440’ ಎಂದಿದ್ದರೆ ಅದನ್ನು 440ಸಿ ಎಂದು ಓದಬೇಡಿ. 440ಎ, 440ಬಿ, 440ಸಿ ಎಂದು ಮೂರಿವೆ. ಮೂರರಲ್ಲೂ ಕ್ರೋಮಿಯಂ 16ರಿಂದ 18 ಶೇಕಡಾ. ಕಾರ್ಬನ್ ಮಾತ್ರ ಕ್ರಮವಾಗಿ 0.60–0.75, 0.75–0.95, 0.95–1.20. 440ಸಿ ಹಾಕಿದ ತಯಾರಕ ಆ ‘ಸಿ’ಯನ್ನು ಹೆಮ್ಮೆಯಿಂದ ಬರೆದುಕೊಳ್ಳುತ್ತಾನೆ. ಬರೆದಿಲ್ಲವೆಂದರೆ 440ಎ ಎಂದೇ ಇಟ್ಟುಕೊಂಡು ಮುಂದೆ ಹೋಗುವುದು ಕ್ಷೇಮ.

ಇಸವಿ ಕಟ್ಟುವುದು

ಒಂದೇ ಹೆಸರಿನ ಚಾಕು ಕಾಲಕಾಲಕ್ಕೆ ಬೇರೆ ಬೇರೆ ಉಕ್ಕಿನಲ್ಲಿ ಬಂದಿದೆ. ಹೀಗಾಗಿ ಮಾಡೆಲ್ ಗೊತ್ತಾದರೆ ಸಾಲದು, ಇಸವಿಯೂ ಬೇಕು. ಇದಕ್ಕೆ ಬಕ್ 110 ಒಳ್ಳೆಯ ಉದಾಹರಣೆ. 1960ರ ದಶಕದಲ್ಲಿ ಶುರುವಾದ ಈ ಚಾಕುವಿಗೆ 1981ರ ಸುಮಾರಿನ ತನಕ 440ಸಿ, ಆಮೇಲೆ 1990ರ ದಶಕದ ಆರಂಭದ ತನಕ 425ಎಂ, ಅಲ್ಲಿಂದೀಚೆಗೆ 420ಎಚ್‌ಸಿ ಹಾಕಿದ್ದಾರೆ. 1986ರಿಂದ ಬಕ್ ಚಾಕುಗಳ ಬುಡದಲ್ಲಿ ಮಾಡೆಲ್ ನಂಬರಿನ ಪಕ್ಕ ವರ್ಷಕ್ಕೊಂದು ಚಿಹ್ನೆ ಬರುತ್ತದೆ. ಆ ಚಿಹ್ನೆ ಇದೆಯೆಂದರೆ ಅದು 440ಸಿ ಕಾಲದ ಚಾಕು ಅಲ್ಲ. ಮಾರುವವರು ‘ಹಳೇ ಬಕ್, ಆದ್ದರಿಂದ 440ಸಿ’ ಎಂದರೆ ಮೊದಲು ಆ ಚಿಹ್ನೆ ಹುಡುಕಿ.

ಕೇಸ್ ಚಾಕುಗಳಲ್ಲಿ ಕೆಲಸ ಸುಲಭ. 1970ರಲ್ಲಿ ಬುಡದ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಹಾಕಿ, ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತ ಬಂದರು. ಆ ದಶಕದ ಮುದ್ರೆಯಲ್ಲಿ ಏಳು ಚುಕ್ಕೆ ಇದ್ದರೆ 1973. ನಂಬರಿನ ಕೊನೆಯಲ್ಲಿ ‘ಎಸ್‌ಎಸ್’ ಇದ್ದರೆ ಸ್ಟೇನ್‌ಲೆಸ್. ‘ಸಿವಿ’ ಇದ್ದರೆ ಕ್ರೋಮ್ ವೆನೇಡಿಯಂ. ಈ ಸಿವಿ ಹೆಸರು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅದರಲ್ಲಿ ಕ್ರೋಮಿಯಂ ಅರ್ಧ ಶೇಕಡಾದ ಆಸುಪಾಸು ಅಷ್ಟೇ, ತುಕ್ಕಿನ ವಿಷಯದಲ್ಲಿ ಅದು ಅಪ್ಪಟ ಕಾರ್ಬನ್ ಉಕ್ಕಿನಂತೆಯೇ ನಡೆದುಕೊಳ್ಳುತ್ತದೆ.

ಶ್ರೇಡ್ ಕಂಪನಿಯ ಅಮೆರಿಕದ ಕಾರ್ಖಾನೆ 2004ರಲ್ಲಿ ಮುಚ್ಚಿತು. ಅದಕ್ಕಿಂತ ಹಿಂದಿನ ಓಲ್ಡ್ ಟೈಮರ್ ಚಾಕುಗಳು ಸಾಮಾನ್ಯವಾಗಿ 1095 ಕಾರ್ಬನ್ ಉಕ್ಕಿನವು, ‘ಶ್ರೇಡ್’ ಪಕ್ಕ ಕೂಡು ಚಿಹ್ನೆ ಇದ್ದರೆ ಸ್ಟೇನ್‌ಲೆಸ್. 2004ರ ನಂತರ ಅದೇ ಹೆಸರಿನಲ್ಲಿ ಚೀನಾದಲ್ಲಿ ತಯಾರಾಗಿ ಬಂದವುಗಳ ಉಕ್ಕೇ ಬೇರೆ. ಹಿಡಿ, ಬಣ್ಣ, ಆಕಾರ ಎಲ್ಲ ಹಳೆಯದರಂತೆಯೇ ಇರುವುದರಿಂದ ಊರಿನ ಹೆಸರು ಓದದೆ ತೀರ್ಮಾನಿಸಬೇಡಿ.

ವಿಕ್ಟೋರಿನಾಕ್ಸ್ ಆದರೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಮಾಡೆಲ್ ನಿಂತಿರಲಿ ಬಿಡಲಿ, ಇತ್ತೀಚಿನ ದಶಕಗಳ ಸ್ವಿಸ್ ಆರ್ಮಿ ಚಾಕುಗಳ ಅಲಗು 1.4110 ಎಂಬ ಸಂಖ್ಯೆಯ ಸ್ಟೇನ್‌ಲೆಸ್, ರಾಕ್‌ವೆಲ್ ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) ಗಡಸುತನ 56 ಎಚ್‌ಆರ್‌ಸಿ. ಒಂದು ಎಚ್ಚರ ಮಾತ್ರ ಬೇಕು. ಅದೇ ಚಾಕುವಿನ ಗರಗಸ, ಕತ್ತರಿ, ಡಬ್ಬಿ ತೆರೆಯುವ ಉಪಕರಣ, ಸ್ಪ್ರಿಂಗ್‌ಗಳನ್ನು ಅಲಗಿಗಿಂತ ಮೆದುವಾಗಿ ಹದ ಮಾಡಿರುತ್ತಾರೆ, ಸ್ಪ್ರಿಂಗ್ ಸುಮಾರು 49. ಅವುಗಳ ಮೇಲೆ ಪರೀಕ್ಷೆ ಮಾಡಿ ಅಲಗಿನ ಬಗ್ಗೆ ಹೇಳಲಾಗದು. ಫ್ರಾನ್ಸಿನ ಒಪಿನೆಲ್‌ನಲ್ಲಿ ‘ಇನಾಕ್ಸ್’ ಎಂದಿದ್ದರೆ ಸ್ವೀಡನ್ನಿನ ಸ್ಯಾಂಡ್‌ವಿಕ್ 12ಸಿ27, ‘ಕಾರ್ಬೋನ್’ ಎಂದಿದ್ದರೆ ಕಾರ್ಬನ್. ಹಿಡಿಯ ತುದಿಯಲ್ಲಿ ತಿರುಗುವ ಬೀಗದ ಉಂಗುರ ಬಂದದ್ದು 1955ರಲ್ಲಿ. ದೊಡ್ಡ ಅಳತೆಯ ಒಪಿನೆಲ್‌ನಲ್ಲಿ ಅದಿಲ್ಲದಿದ್ದರೆ ಚಾಕು ಅದಕ್ಕಿಂತ ಹಳೆಯದು.

ಶೆಫೀಲ್ಡಿನ ಚಾಕುಗಳನ್ನು ರಾಜರ ಹೆಸರಿನಿಂದ ಅಳೆಯಬೇಕು. ಅಲ್ಲಿನ ರಾಡ್ಜರ್ಸ್ ಕಂಪನಿಯ ಚಾಕುವಿನ ಮೇಲೆ ಕಿರೀಟದ ಅಕ್ಕಪಕ್ಕ ‘ವಿ ಆರ್’ ಇದ್ದರೆ ವಿಕ್ಟೋರಿಯಾ ಕಾಲ, ಅಂದರೆ 1901ರ ಒಳಗೆ. ‘ಜಿ ಆರ್’ ಇದ್ದರೆ ಜಾರ್ಜ್ ರಾಜರ ಕಾಲ, ಸಾಮಾನ್ಯವಾಗಿ 1910ರ ನಂತರ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ಸ್ಟೇನ್‌ಲೆಸ್ ಉಕ್ಕು ಮಾಡಿದ್ದು 1913ರಲ್ಲಿ, ಹಾಗಾಗಿ ಅದಕ್ಕಿಂತ ಹಳೇ ಅಲಗು ಸ್ಟೇನ್‌ಲೆಸ್ ಆಗಲು ಸಾಧ್ಯವೇ ಇಲ್ಲ. ಅಷ್ಟು ಹಳೆಯದೆಂದು ತೋರುವ ಚಾಕುವಿನ ಅಲಗು ಕನ್ನಡಿಯಂತೆ ಹೊಳೆಯುತ್ತಿದ್ದರೆ ಯಾರೋ ಅಲಗು ಬದಲಿಸಿದ್ದಾರೆ, ಇಲ್ಲವೇ ಪಾಲಿಶ್ ಹೊಡೆಸಿದ್ದಾರೆ. ಸೋಲಿಂಗನ್ ಚಾಕುಗಳಲ್ಲಿ ‘ವೆಸ್ಟ್ ಜರ್ಮನಿ’ ಎಂದು ಇದ್ದರೆ 1949 ಮತ್ತು 1990ರ ನಡುವಿನದೆಂದು ಇಟ್ಟುಕೊಳ್ಳಬಹುದು. ಹೊಸ ಕಾಲದ ಕಡೆಗೂ ಇಂಥ ಗಡಿಗಳಿವೆ: ಎಸ್30ವಿ ಎಂಬ ಉಕ್ಕು ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ಅದಕ್ಕೆ ಮೊದಲೇ ನಿಂತ ಮಾಡೆಲ್‌ನಲ್ಲಿ ಅದು ಇರಲಾರದು.

ಜಪಾನಿನ ಸೆಕಿಯಲ್ಲಿ ತಯಾರಾದ ಸ್ಪೈಡರ್ಕೋದಂಥ ಚಾಕುಗಳಲ್ಲಿ ಉಕ್ಕಿನ ಹೆಸರನ್ನು ಅಲಗಿನ ಮೇಲೇ ಬರೆದಿರುವುದು ಹೆಚ್ಚು: ಎಯುಎಸ್-8, ಎಟಿಎಸ್-55, ವಿಜಿ-10 ಹೀಗೆ. ಆಮ್ಲದಿಂದ ತೆಳುವಾಗಿ ಮೂಡಿಸಿದ ಬರಹವಾದರೆ ಉಜ್ಜಿ ಉಜ್ಜಿ ಮಾಯವಾಗಿರಬಹುದು, ಅದಕ್ಕೂ ಓರೆ ಬೆಳಕಿನ ಫೋಟೋನೇ ದಾರಿ. ಹಳೇ ಕ್ಯಾಟಲಾಗಿನ ಸ್ಕ್ಯಾನ್‌ಗಳನ್ನು ಹುಡುಕುವಾಗ ಚಾಕು ಮಡಿಸಿದಾಗಿನ ಉದ್ದವನ್ನು ಕೊಡಿ. ಕ್ಯಾಟಲಾಗಿನವರು ಅಳೆಯುವುದು ಹಾಗೇ, ಅಮೆರಿಕದವಾದರೆ ಇಂಚಿನಲ್ಲಿ, ಸ್ವಿಸ್ ಚಾಕುಗಳಾದರೆ 58, 84, 91, 111 ಮಿಲಿಮೀಟರ್ ಹೀಗೆ.

ಮೈಲುತುತ್ತದ ಪರೀಕ್ಷೆ

ಮುದ್ರೆ ಸವೆದು ಹೋಗಿದ್ದರೆ, ಅಥವಾ ಅದೇ ಮಾಡೆಲ್ ಕಾರ್ಬನ್‌ನಲ್ಲೂ ಸ್ಟೇನ್‌ಲೆಸ್‌ನಲ್ಲೂ ಬಂದಿದ್ದರೆ ಮೊದಲು ಅದು ಯಾವ ಜಾತಿ ಎಂದು ಬಿಡಿಸಿಕೊಳ್ಳಬೇಕು. ಅಡಿಕೆಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವವರಿಗೆ ಇದರ ಅರ್ಧ ಪಾಠ ಆಗಲೇ ಗೊತ್ತಿದೆ. ದ್ರಾವಣದಲ್ಲಿ ಸುಣ್ಣ ಸಾಕಷ್ಟಿದೆಯೇ ಎಂದು ನೋಡಲು ಕಬ್ಬಿಣದ ಚಾಕು ಅದ್ದುತ್ತಾರೆ, ಅಲಗಿಗೆ ತಾಮ್ರದ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಇಲ್ಲಿ ನಾವು ಅದನ್ನೇ ತಿರುಗಿಸುತ್ತೇವೆ: ದ್ರಾವಣ ಗೊತ್ತಿದೆ, ಚಾಕು ಗೊತ್ತಿಲ್ಲ. ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಸ್ಟೇನ್‌ಲೆಸ್‌ನ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಇರುವುದರಿಂದ ಕಬ್ಬಿಣ ದ್ರಾವಣಕ್ಕೆ ಸಿಗುವುದಿಲ್ಲ.

ಪ್ಲಾಸ್ಟಿಕ್ ಬಾಟಲಿಯಲ್ಲಿ 250 ಮಿಲಿ ನೀರಿಗೆ 4 ಗ್ರಾಂ ಮೈಲುತುತ್ತ ಕರಗಿಸಿ. ಸುಣ್ಣ ಬೆರೆತ ಬೋರ್ಡೋ ದ್ರಾವಣ ಇದಕ್ಕೆ ಆಗದು, ಅದರಲ್ಲಿ ಬಿಡಿ ತಾಮ್ರ ಉಳಿದಿರುವುದಿಲ್ಲ. ಅಡುಗೆ ಪಾತ್ರೆ ಬಳಸಬೇಡಿ, ಕೈಗವಸು ಹಾಕಿ, ಉಳಿದದ್ದನ್ನು ಕೆರೆ ಹಳ್ಳಕ್ಕೆ ಚೆಲ್ಲಬೇಡಿ. ಮೀನಿಗೆ ಅದು ವಿಷ.

ಮುದ್ರೆ ಇಲ್ಲದ ಬದಿಯಲ್ಲಿ, ಬುಡದ ಹತ್ತಿರ, ಕಡಲೆಕಾಳಿನಷ್ಟು ಜಾಗ ಆರಿಸಿಕೊಳ್ಳಿ. ಮೆಟಲ್ ಪಾಲಿಶ್ ಹಚ್ಚಿದ ಹತ್ತಿಕಡ್ಡಿಯಿಂದ ಅಷ್ಟನ್ನೇ ಉಜ್ಜಿ, ಸ್ಪಿರಿಟ್ ಅಥವಾ ನೇಲ್ ಪಾಲಿಶ್ ತೆಗೆಯುವ ಅಸಿಟೋನ್‌ನಿಂದ ಎಣ್ಣೆ ತೆಗೆದು, ಒಂದು ದಿನ ಹಾಗೇ ಬಿಡಿ. ಈ ಕಾಯುವಿಕೆಯನ್ನು ಬಿಟ್ಟುಬಿಡಬೇಡಿ. ಉಜ್ಜಿದಾಗ ಸ್ಟೇನ್‌ಲೆಸ್‌ನ ಪೊರೆ ಹರಿದಿರುತ್ತದೆ, ಗಾಳಿಗೆ ಅದು ಮತ್ತೆ ಕಟ್ಟಿಕೊಳ್ಳಲು ಸಮಯ ಬೇಕು. ಮರುದಿನ ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಹನಿ ಇಟ್ಟು ಗಡಿಯಾರ ನೋಡಿ. ಕೆಲವೇ ಸೆಕೆಂಡುಗಳಲ್ಲಿ ಒಂದೇ ಸಮನಾಗಿ ತಾಮ್ರದ ಬಣ್ಣ ಬಂದರೆ ಕಾರ್ಬನ್ ಉಕ್ಕು. ಒಂದು ನಿಮಿಷವಾದರೂ ಏನೂ ಆಗದಿದ್ದರೆ ಸ್ಟೇನ್‌ಲೆಸ್. ತಡವಾಗಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಮೂಡಿದರೆ ಕ್ರೋಮಿಯಂ 12–13 ಶೇಕಡಾದ ಆಸುಪಾಸಿನ ಉಕ್ಕು ಇರಬಹುದು. ಕಾರ್ಖಾನೆಗಳಲ್ಲಿ ಆಮ್ಲ ಸೇರಿಸಿ ಮಾಡುವ ಇದೇ ಪರೀಕ್ಷೆಯನ್ನು ಕ್ರೋಮಿಯಂ 16 ಶೇಕಡಾಕ್ಕಿಂತ ಕಡಿಮೆ ಇರುವ ಇಂಥ ಉಕ್ಕುಗಳಿಗೆ ಮಾಡಬಾರದೆನ್ನುವುದು ಈ ಕಾರಣಕ್ಕೇ, ಅವೂ ತಾಮ್ರ ಹಿಡಿಯುತ್ತವೆ. ಆದ್ದರಿಂದ ಬಣ್ಣ ಬಂತೇ ಎನ್ನುವುದಕ್ಕಿಂತ ಎಷ್ಟು ಬೇಗ ಬಂತು ಎಂಬುದನ್ನು ನೋಡಬೇಕು.

ತಪ್ಪುವುದು ಮೂರು ಕಡೆ. ಜಾಗ ಶುಚಿ ಮಾಡಲು ಸ್ಟೀಲ್ ವೂಲ್ ಬಳಸಿದರೆ ಅದರ ಕಬ್ಬಿಣದ ಕಣಗಳು ಅಲಗಿಗೆ ಅಂಟಿ, ಒಳ್ಳೆಯ ಸ್ಟೇನ್‌ಲೆಸ್ ಕೂಡ ಕೆಂಪಾಗುತ್ತದೆ. ಎಣ್ಣೆ ಪಸೆ ಉಳಿದಿದ್ದರೆ ಕಾರ್ಬನ್ ಕೂಡ ಸುಮ್ಮನಿರುತ್ತದೆ. ಮೂರನೆಯದು ಹೆಚ್ಚು ಮೋಸದ್ದು: ಹಳೇ ಅಗ್ಗದ ಚಾಕುಗಳಲ್ಲಿ ಕಾರ್ಬನ್ ಅಲಗಿಗೆ ನಿಕಲ್ ಅಥವಾ ಕ್ರೋಮ್ ಲೇಪ ಹಾಕಿರುತ್ತಾರೆ. ಹನಿ ಲೇಪದ ಮೇಲೆ ಬಿದ್ದರೆ ‘ಸ್ಟೇನ್‌ಲೆಸ್’ ಎಂಬ ಸುಳ್ಳು ಉತ್ತರ ಬರುತ್ತದೆ. ಸಾಣೆ ಹಿಡಿದ ಬಾಯಿಯ ಅಂಚಿನಲ್ಲಿ ಲೇಪ ಹೋಗಿರುತ್ತದೆ, ಅಲ್ಲಿ ಬಣ್ಣ ಬೇರೆ ಕಂಡರೆ ಹನಿಯನ್ನು ಅಲ್ಲೇ ಇಡಿ.

ಉತ್ತರ ಸಿಕ್ಕ ಕೂಡಲೇ ಸೋಪು ನೀರಿನಲ್ಲಿ ತೊಳೆದು, ಕೂತ ತಾಮ್ರವನ್ನು ಮೆಟಲ್ ಪಾಲಿಶ್‌ನಿಂದ ಪೂರ್ತಿ ತೆಗೆದು ಎಣ್ಣೆ ಹಚ್ಚಿ. ತಾಮ್ರ ಉಳಿದರೆ ಅದರ ಪಕ್ಕದ ಉಕ್ಕು ಮಳೆಗಾಲದ ತೇವಕ್ಕೆ ಬೇಗ ಗುಳಿ ಬೀಳುತ್ತದೆ.

ರಾಸಾಯನಿಕ ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ. ಕೊಪ್ಪ, ಶೃಂಗೇರಿಯ ಕಡೆ ಅಡಿಕೆ ಬೇಯಿಸಿದ ಚೊಗರು ಎಲ್ಲ ಮನೆಗಳಿಗೂ ಗೊತ್ತು. ಅದರಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ನೀಲಿ ಕಪ್ಪು ಕರೆಯಾಗುತ್ತದೆ. ಹಸಿ ಅಡಿಕೆ ಹೆಚ್ಚಿದ ಕಾರ್ಬನ್ ಅಲಗು ಕಪ್ಪಾಗುವುದೂ, ಅಡಿಕೆಯ ಹೋಳು ಕಪ್ಪಾಗುವುದೂ ಇದರಿಂದಲೇ. ಒಂದು ಹನಿ ಚೊಗರು ಇಟ್ಟು ಕಾಲು ಗಂಟೆ ಬಿಡಿ. ಕಾರ್ಬನ್ ಆದರೆ ಕಲೆ ನಿಲ್ಲುತ್ತದೆ, ಸ್ಟೇನ್‌ಲೆಸ್ ಆದರೆ ಒರೆಸಿದರೆ ಹೋಗುತ್ತದೆ. ಮೈಲುತುತ್ತಕ್ಕಿಂತ ನಿಧಾನ, ಆದರೆ ಅಲಗಿಗೆ ಸೌಮ್ಯ.

ಮ್ಯಾಗ್ನೆಟ್, ಕಿಡಿ, ಅರ

ಮ್ಯಾಗ್ನೆಟ್ ಹಿಡಿದರೆ ಸ್ಟೇನ್‌ಲೆಸ್ ಅಲ್ಲ ಎಂಬ ಮಾತು ಸಂತೆಯಲ್ಲೂ ಗುಜರಿ ಅಂಗಡಿಯಲ್ಲೂ ಕೇಳಿಬರುತ್ತದೆ. ಪಾತ್ರೆಗಳಿಗೆ ಅದು ಸಾಕಷ್ಟು ನಿಜ, ಚಾಕುವಿಗೆ ಸುಳ್ಳು. ಪಾತ್ರೆಯ 304 ಉಕ್ಕನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಲಾಗದು, ಅದು ಮ್ಯಾಗ್ನೆಟ್‌ಗೂ ಹಿಡಿಯದು. ಅಲಗಿಗೆ ಬಳಸುವ ಸ್ಟೇನ್‌ಲೆಸ್ ಹಾಗೆ ಹದ ಮಾಡಬಲ್ಲ ಬೇರೆ ಜಾತಿ, ಕಾರ್ಬನ್ ಉಕ್ಕಿನಷ್ಟೇ ಬಲವಾಗಿ ಮ್ಯಾಗ್ನೆಟ್‌ಗೆ ಅಂಟುತ್ತದೆ. ಈ ಪರೀಕ್ಷೆಯಿಂದ ಇಲ್ಲಿ ಉಪಯೋಗವಿಲ್ಲ.

ಸಾಣೆ ಚಕ್ರಕ್ಕೆ ತಾಗಿಸಿ ಕಿಡಿ ನೋಡುವುದನ್ನು ಮಡಿಸುವ ಚಾಕುವಿಗೆ ಮಾಡಲೇಬೇಡಿ. ಕಾರ್ಬನ್ ಹೆಚ್ಚಿದ್ದರೆ ಕಿಡಿ ಕವಲೊಡೆದು ಸಿಡಿಯುತ್ತದೆ, ಕ್ರೋಮಿಯಂ ಹೆಚ್ಚಿದ್ದರೆ ಮೊಟಕಾಗುತ್ತದೆ, ನಿಜ. ಆದರೆ ತೆಳು ಅಲಗು ಕ್ಷಣದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತೆಂದರೆ ಸುಮಾರು 300 ಡಿಗ್ರಿ ಮುಟ್ಟಿದೆ, 1095ರಂಥ ಉಕ್ಕಿನ ಹದ ಅಲ್ಲಿಗೆ ಇಳಿದುಹೋಯಿತು. ಆ ಭಾಗ ಮತ್ತೆ ಹರಿತ ನಿಲ್ಲಿಸಿಕೊಳ್ಳುವುದಿಲ್ಲ.

ಗಡಸುತನ ಅಳೆಯುವುದು ಸಹಾಯಕ್ಕೆ ಬರುತ್ತದೆ, ಆದರೆ ಉತ್ತರಕ್ಕೆ ಸಾಲದು. 420ಎಚ್‌ಸಿ ಸಾಮಾನ್ಯವಾಗಿ 56–58, 1095 ಚಾಕುಗಳಲ್ಲಿ 57–59, 440ಸಿ 58–60, ವಿಜಿ-10 ಮತ್ತು ಎಟಿಎಸ್-34 ಸುಮಾರು 59–61 ಎಚ್‌ಆರ್‌ಸಿ. ಒಂದರ ಮೇಲೊಂದು ಹೇಗೆ ಬರುತ್ತವೆ ನೋಡಿ. 58 ಎಂದು ಬಂದರೆ ಇವುಗಳಲ್ಲಿ ಮೂರು ಇರಬಹುದು. ಹೊಸ ಅರವನ್ನು ಬುಡದ ಕೆಳಗಂಚಿನಲ್ಲಿ ಹಗುರವಾಗಿ ಎಳೆದರೆ ಒಂದು ಅಂದಾಜು ಸಿಗುತ್ತದೆ: ಜಾರಿಕೊಂಡು ಹೋದರೆ 60ರ ಆಸುಪಾಸು, ಸ್ವಲ್ಪ ಹಿಡಿದರೆ ಐವತ್ತರ ಮೇಲೆ, ಸುಲಭವಾಗಿ ಕಚ್ಚಿ ಪುಡಿ ಬಂದರೆ ಐವತ್ತಕ್ಕಿಂತ ಕೆಳಗೆ. 40ರಿಂದ 65ರ ತನಕ ಆರು ಅರಗಳ ಗಡಸುತನದ ಸೆಟ್ ಇದ್ದರೆ ಅಂದಾಜು ಇನ್ನಷ್ಟು ಬಿಗಿಯಾಗುತ್ತದೆ. ರಾಕ್‌ವೆಲ್ ಯಂತ್ರ ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗಗಳಲ್ಲಿ ಇರುವುದು ಸಾಮಾನ್ಯ, ಹಾಸನ ಅಥವಾ ಚಿಕ್ಕಮಗಳೂರಿನಲ್ಲೇ ವಿಚಾರಿಸಿ. ಅದು 150 ಕೆಜಿ ಭಾರದಲ್ಲಿ ವಜ್ರದ ಮೊನೆ ಒತ್ತುತ್ತದೆ, ಚುಕ್ಕೆಯಷ್ಟು ಗುಳಿ ಉಳಿಯುತ್ತದೆ. ಅಲಗು ಅಡಿಗೆ ಪೂರ್ತಿ ತಾಗಿ ಚಪ್ಪಟೆ ಕೂರದಿದ್ದರೆ ಅಂಕಿ ಕಡಿಮೆ ಬರುತ್ತದೆ. ಇಳಿಜಾರಾಗಿ ತೆಳುವಾದ ಭಾಗದಲ್ಲಿ ಅಳೆದದ್ದನ್ನು ನಂಬಬೇಡಿ, ಬುಡದಲ್ಲೇ ಅಳೆಸಿ.

ಯಂತ್ರದಿಂದ ಉತ್ತರ

ಎಕ್ಸ್‌ಆರ್‌ಎಫ್ ಎಂಬ, ಎಕ್ಸ್‌ರೇ ಹಾಯಿಸಿ ಧಾತು ಗುರುತಿಸುವ ಯಂತ್ರ ಅಲಗಿಗೆ ಗಾಯ ಮಾಡದೆ ಯಾವ ಲೋಹ ಎಷ್ಟಿದೆಯೆಂದು ಹೇಳುತ್ತದೆ. ಚಿನ್ನದ ಅಂಗಡಿಯದು ಚಿನ್ನಕ್ಕೆ ಹೊಂದಿಸಿದ್ದು, ಉಕ್ಕಿಗೆ ಅದನ್ನು ನಂಬಲಾಗದು. ಸ್ಟೇನ್‌ಲೆಸ್ ಗುಜರಿಯ ದೊಡ್ಡ ವ್ಯಾಪಾರಿಗಳು ಬಳಸುವ ಕೈಯಲ್ಲಿ ಹಿಡಿಯುವ ಯಂತ್ರ ಬೇಕು. ಚಾಕುವಿಗೆ ಮೈಲುತುತ್ತ ಮುಟ್ಟಿಸುವ ಮೊದಲೇ ಇದನ್ನು ಮಾಡಿಸಿ, ಇಲ್ಲವಾದರೆ ಫಲಿತಾಂಶದಲ್ಲಿ ತಾಮ್ರ ತೋರುತ್ತದೆ. ಅಲಗನ್ನು ಪೂರ್ತಿ ತೆರೆದು ಅಗಲವಾದ ಕಡೆ ಇಡಿ. ಹಿಡಿಯೊಳಗಿನ ಹಿತ್ತಾಳೆ ತಗಡು ಕಿರಣದ ದಾರಿಗೆ ಬಂದರೆ ತಾಮ್ರ, ಸತು ಬೆರೆತು ಬರುತ್ತವೆ. ಯಂತ್ರ ಕೊಡುವ ದರ್ಜೆಯ ಹೆಸರನ್ನು ಬಿಟ್ಟುಬಿಡಿ, ಅದರ ಪಟ್ಟಿಯಲ್ಲಿ ಚಾಕುವಿನ ಉಕ್ಕುಗಳು ಇರುವುದು ಕಡಿಮೆ. ಧಾತುಗಳ ಪೂರ್ತಿ ಪಟ್ಟಿಯ ಫೋಟೋ ತೆಗೆದುಕೊಳ್ಳಿ.

ಪಟ್ಟಿ ಓದುವುದು ಹೀಗೆ. ಕ್ರೋಮಿಯಂ 14ರ ಜೊತೆ ಮಾಲಿಬ್ಡಿನಂ 4ರ ಹತ್ತಿರ ಇದ್ದರೆ ಎಟಿಎಸ್-34 ಅಥವಾ 154ಸಿಎಂ. ಇವೆರಡೂ ಬಹುತೇಕ ಒಂದೇ, ಒಂದು ಜಪಾನಿನದು, ಇನ್ನೊಂದು ಅಮೆರಿಕದ್ದು, ಬೇರ್ಪಡಿಸಲು ಮುದ್ರೆಯ ಊರೇ ಬೇಕು. ಕ್ರೋಮಿಯಂ 15, ಮಾಲಿಬ್ಡಿನಂ 1, ಜೊತೆಗೆ ಕೋಬಾಲ್ಟ್ ಒಂದೂವರೆಯ ಹತ್ತಿರ ಇದ್ದರೆ ವಿಜಿ-10, ಆ ಕೋಬಾಲ್ಟೇ ಗುರುತು. ವೆನೇಡಿಯಂ 4 ಇದ್ದರೆ ಎಸ್30ವಿ ಕಡೆಗೆ ನೋಡಿ. ಕ್ರೋಮಿಯಂ 12, ವೆನೇಡಿಯಂ ಒಂದರ ಹತ್ತಿರ ಇದ್ದರೆ ಡಿ2. ಮೇಲೆ ಹೇಳಿದ ಬಕ್ 110ರಲ್ಲೂ ಇದು ಕೆಲಸಕ್ಕೆ ಬರುತ್ತದೆ: 16ಕ್ಕಿಂತ ಹೆಚ್ಚು ಕ್ರೋಮಿಯಂ ಬಂದರೆ 440ಸಿ ಕಾಲದ್ದು, 13ರ ಆಸುಪಾಸು ಬಂದು ಮಾಲಿಬ್ಡಿನಂ ಅತ್ಯಲ್ಪವಿದ್ದರೆ 420ಎಚ್‌ಸಿ, ಮಾಲಿಬ್ಡಿನಂ ಎದ್ದು ಕಂಡರೆ 425ಎಂ.

ಆದರೆ ಈ ಯಂತ್ರಕ್ಕೆ ಕಾರ್ಬನ್ ಕಾಣುವುದಿಲ್ಲ, ಅಷ್ಟು ಹಗುರವಾದ ಧಾತುವನ್ನು ಅದು ಅಳೆಯಲಾರದು. 440ಎ ಮತ್ತು 440ಸಿ ನಡುವಿನ ವ್ಯತ್ಯಾಸ ಕಾರ್ಬನ್ ಒಂದೇ, ಹಾಗಾಗಿ ಎರಡೂ ಅದಕ್ಕೆ ಒಂದೇ ರೀತಿ. ಇಲ್ಲಿ ಗಡಸುತನದ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಬೇಕು: 59–60 ಬಂದರೆ 440ಸಿ ಎನ್ನುವುದಕ್ಕೆ ಬಲ ಬರುತ್ತದೆ, 55–56 ಬಂದರೆ 440ಎ ಕಡೆ ವಾಲುತ್ತದೆ. ಕಾರ್ಬನ್ ಅಳೆದೇ ತೀರಬೇಕೆಂದರೆ ಬೆಂಗಳೂರಿನ ಪೀಣ್ಯದ ಕಡೆಯ ಲೋಹ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸ್ಪಾರ್ಕ್ ಸ್ಪೆಕ್ಟ್ರೋಮೀಟರ್ ಇದೆ. ಅದು ಚಪ್ಪಟೆಯಾದ ಜಾಗ ಕೇಳುತ್ತದೆ ಮತ್ತು ಹಲವು ಮಿಲಿಮೀಟರ್ ಅಗಲದ ಸುಟ್ಟ ಕಲೆ ಬಿಡುತ್ತದೆ. ಮುರಿದ ಅಲಗಿದ್ದರೆ ಮಾಡಿಸಿ, ಚೆನ್ನಾಗಿರುವ ಹಳೇ ಚಾಕುವಿಗೆ ಅದು ಬೇಡ.

ಮುದ್ರೆಯೇ ಇಲ್ಲದ, ಊರಿನ ಕುಲುಮೆಯಲ್ಲಿ ಮಾಡಿಸಿದ ಮಡಿಸುವ ಕಸಿ ಚಾಕುಗಳಿಗೆ ಇಷ್ಟೆಲ್ಲ ಬೇಕಿಲ್ಲ. ಅವಕ್ಕೆ ದರ್ಜೆಯ ಹೆಸರೇ ಇರುವುದಿಲ್ಲ, ಸ್ಪ್ರಿಂಗ್ ಪಟ್ಟಿಯೋ ಗರಗಸದ ತುಂಡೋ ಕೈಗೆ ಸಿಕ್ಕಿದ್ದರಲ್ಲಿ ಮಾಡಿರುತ್ತಾರೆ. ಕಾರ್ಬನ್ ಹೌದೇ, ಅರ ಜಾರುತ್ತದೆಯೇ ಎಂದು ನೋಡಿದರೆ ಸಾಕು.

ಸಿಕ್ಕ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಚಾಕುವಿನ ಜೊತೆ ಇಡಿ: ಮುದ್ರೆಯಲ್ಲಿ ಇರುವುದು ಇದ್ದಂತೆ, ಇಸವಿಯ ಗಡಿ, ಪರೀಕ್ಷೆಗಳ ಫಲ, ಕೊನೆಗೆ ತೀರ್ಮಾನ. ಎರಡರಲ್ಲಿ ಒಂದು ಎಂದು ನಿಂತರೆ ಎರಡೂ ಹೆಸರು ಬರೆಯಿರಿ, ಕೊಳ್ಳುವವರಿಗೂ ಹಾಗೆಯೇ ಹೇಳಿ. ಕಾರ್ಬನ್, ಸಿವಿ, ಡಿ2 ಆದರೆ ಮಳೆ ಹಿಡಿಯುವ ಮೊದಲು ಅಲಗಿಗೂ ಕೀಲಿಗೂ ತೆಳುವಾಗಿ ಎಣ್ಣೆ ಹಚ್ಚಿ, ಚರ್ಮದ ಚೀಲದಿಂದ ಹೊರಗೆ ತೆಗೆದು ಇಡಿ. ಚರ್ಮ ತೇವವನ್ನೂ ಹದ ಮಾಡಿದಾಗಿನ ಲವಣಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. 1095, 420ಎಚ್‌ಸಿ, 12ಸಿ27 ಸಾಮಾನ್ಯ ಸಾಣೆಕಲ್ಲಿಗೆ ಒಗ್ಗುತ್ತವೆ. ಡಿ2, ಎಸ್30ವಿಗೆ ವಜ್ರದ ಪುಡಿಯ ಪಟ್ಟಿ ತೆಗೆದುಕೊಳ್ಳಿ, ಹಳೇ ಕಲ್ಲಿನ ಮೇಲೆ ಅವು ಗಂಟೆಗಟ್ಟಲೆ ತಿಕ್ಕಿಸಿಕೊಂಡು ಕಲ್ಲನ್ನೇ ಸವೆಸುತ್ತವೆ.